ಮಲಪ್ರಭೆಯ ನಾಲ್ಕು ತಾಲೂಕುಗಳು: ಅಭಿವೃದ್ಧಿ ಯೋಜನೆ, ಗಂಡಾಂತರದ ಅಂದಾಜು ಮತ್ತು ಕನ್ನಡ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸುಮಾರು 300 ಕಿಲೋಮೀಟರ್ ದೂರ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ದಾರಿಯಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳು ಒಂದರ ಕೆಳಗೊಂದು ಬರುತ್ತವೆ. ಆಡಳಿತದ ಲೆಕ್ಕದಲ್ಲಿ ಇವು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಉಪವಿಭಾಗಕ್ಕೆ ಸೇರಿದವು. ನಿಸರ್ಗದ ಲೆಕ್ಕದಲ್ಲಿ ಒಂದೇ ನದಿಯ ಮಕ್ಕಳು. ಪಶ್ಚಿಮದ ಕಿತ್ತೂರಿನಿಂದ ಪೂರ್ವದ ರಾಮದುರ್ಗದ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಅರೆಮಲೆನಾಡಿನ ಅಂಚು ಮುಗಿದು ಎರೆನೆಲದ ಬಯಲು ತೆರೆದುಕೊಳ್ಳುತ್ತದೆ, ಅದರಾಚೆ ಬರಸೀಮೆ ಆರಂಭವಾಗುತ್ತದೆ. ಚೆನ್ನಮ್ಮನ ಕಿತ್ತೂರು, ಅವಳ ಸಮಾಧಿಯಿರುವ ಬೈಲಹೊಂಗಲ, ಎಲ್ಲಮ್ಮನ ಸವದತ್ತಿ, ನೇಕಾರರ ರಾಮದುರ್ಗ ಎಂಬುದಾಗಿ ಕನ್ನಡ ಅಧ್ಯಯನಗಳು ಈ ಊರುಗಳನ್ನು ಇತಿಹಾಸ ಮತ್ತು ಜಾನಪದದ ನೆಲೆಯಲ್ಲಿ ಸಾಕಷ್ಟು ಗುರುತಿಸಿವೆ. ಆದರೆ ಇದೇ ನೆಲದಲ್ಲಿ ಬದುಕುವವರ ಆರೋಗ್ಯಕ್ಕೆ ಅಭಿವೃದ್ಧಿಯು ತಂದೊಡ್ಡುವ ಕೇಡು ಯಾವುದು, ಅದನ್ನು ಯಾರು ಅಳೆಯಬೇಕು, ಯಾವ ಭಾಷೆಯಲ್ಲಿ ಅಳೆಯಬೇಕು ಎಂಬ ಪ್ರಶ್ನೆಗಳು ಭಾಷಾಧ್ಯಯನದ ಕಕ್ಷೆಯಿಂದ ಹೊರಗೇ ಉಳಿದಿವೆ. ಈ ಪ್ರಶ್ನೆಗಳಲ್ಲಿ ಕೊನೆಯದು ನೇರವಾಗಿ ಕನ್ನಡ ವಿಭಾಗಗಳಿಗೆ ಸಂಬಂಧಿಸಿದ್ದು. ಮೊದಲಿನೆರಡಕ್ಕೆ ಸರಿಯಾದ ಉತ್ತರ ದೊರೆಯದಿರುವುದಕ್ಕೂ ಅದೇ ಒಂದು ಕಾರಣವೆಂಬುದನ್ನು ಮುಂದೆ ಕಾಣಬಹುದು.

ಪದದ ಸಮಸ್ಯೆ

ಪರಿಸರ ಮತ್ತು ಆರೋಗ್ಯದ ವಿಜ್ಞಾನಗಳು ಇಂಗ್ಲಿಷಿನಲ್ಲಿ ಹಜಾರ್ಡ್ ಮತ್ತು ರಿಸ್ಕ್ ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿ ಬಳಸುತ್ತವೆ. ಹಾನಿ ಮಾಡಬಲ್ಲ ವಸ್ತುವಿನ ಗುಣ ಮೊದಲನೆಯದು. ಆ ಹಾನಿ ಯಾರಿಗೆ, ಎಷ್ಟರಮಟ್ಟಿಗೆ, ಯಾವಾಗ ತಟ್ಟೀತು ಎಂಬ ಸಂಭವ ಎರಡನೆಯದು. ಮುಚ್ಚಳ ಬಿಗಿದು ಕಪಾಟಿನಲ್ಲಿಟ್ಟ ವಿಷದ ಬಾಟಲಿಗೆ ಮೊದಲನೆಯದು ಪೂರ್ಣವಾಗಿದೆ, ಎರಡನೆಯದು ಬಹಳ ಕಡಿಮೆ. ಅದೇ ಬಾಟಲಿ ಅಡುಗೆಮನೆಯ ಗೂಡಿನಲ್ಲಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಕನ್ನಡದ ಆಡಳಿತ ಬರಹವು ಎರಡಕ್ಕೂ ‘ಅಪಾಯ’ ಎಂಬ ಒಂದೇ ಪದವನ್ನು ಬಳಸಿ ಈ ಅಂತರವನ್ನು ಅಳಿಸಿಹಾಕಿದೆ. ಹೀಗಾಗಿ ‘ಅಪಾಯವಿದೆ’ ಎಂದು ಒಬ್ಬರು, ‘ಅಪಾಯವಿಲ್ಲ’ ಎಂದು ಇನ್ನೊಬ್ಬರು ವಾದಿಸುವಾಗ ಇಬ್ಬರೂ ಬೇರೆಬೇರೆ ವಿಷಯಗಳನ್ನು ಮಾತನಾಡುತ್ತಿರುವ ಸಾಧ್ಯತೆಯೇ ಹೆಚ್ಚು.

ಕನ್ನಡಕ್ಕೆ ಈ ಅಂತರ ಗೊತ್ತೇ ಇರಲಿಲ್ಲವೆಂದು ಭಾವಿಸಬೇಕಾಗಿಲ್ಲ. ಜೋಯಿಸರ ಮಾತಿನಲ್ಲಿ ಬಳಕೆಯಿರುವ ‘ಜಲಗಂಡ’, ‘ಅಗ್ನಿಗಂಡ’ ಎಂಬ ಪ್ರಯೋಗಗಳನ್ನು ಗಮನಿಸಬಹುದು. ಈ ಹುಡುಗನಿಗೆ ಇಂಥ ವಯಸ್ಸಿನಲ್ಲಿ ನೀರಿನಿಂದ ಗಂಡವಿದೆ ಎಂದಾಗ ಕೇಡಿನ ಮೂಲ, ಕೇಡಿಗೆ ಒಡ್ಡಿಕೊಂಡ ವ್ಯಕ್ತಿ, ಅದರ ಕಾಲ ಈ ಮೂರೂ ಒಂದೇ ಮಾತಿನಲ್ಲಿ ಕೂಡಿಬಂದಿವೆ. ಇಲ್ಲದಿರುವುದು ‘ಎಷ್ಟು’ ಎಂಬ ಪ್ರಮಾಣ ಮಾತ್ರ. ಜ್ಯೋತಿಷ್ಯದ ನಂಬಿಕೆಯನ್ನು ಬದಿಗಿರಿಸಿ ಪದದ ಒಡಲನ್ನಷ್ಟೇ ತೆಗೆದುಕೊಂಡರೆ, ರಿಸ್ಕ್ ಎಂಬುದಕ್ಕೆ ‘ಗಂಡಾಂತರ’ವು ‘ಅಪಾಯ’ಕ್ಕಿಂತ ಹತ್ತಿರದ ಪದ. ಪ್ರಸ್ತುತ ಬರಹದಲ್ಲಿ ಹಾನಿಕಾರಕ ಗುಣಕ್ಕೆ ‘ಅಪಾಯ’ವೆಂದೂ ಅದು ತಟ್ಟುವ ಸಂಭವಕ್ಕೆ ‘ಗಂಡಾಂತರ’ವೆಂದೂ ಬಳಸಲಾಗಿದೆ. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ರೂಪಿಸಿದ, ಇಂದಿಗೂ ಮಾದರಿಯಾಗಿ ಉಳಿದಿರುವ ಕ್ರಮದಲ್ಲಿ ಗಂಡಾಂತರದ ಅಂದಾಜಿಗೆ ನಾಲ್ಕು ಹಂತಗಳಿವೆ: ಅಪಾಯವನ್ನು ಗುರುತಿಸುವುದು, ಎಷ್ಟು ಪ್ರಮಾಣಕ್ಕೆ ಎಷ್ಟು ಹಾನಿಯೆಂದು ತಿಳಿಯುವುದು, ಜನ ಅದಕ್ಕೆ ಹೇಗೆ ಮತ್ತು ಎಷ್ಟು ಕಾಲ ಒಡ್ಡಿಕೊಳ್ಳುತ್ತಾರೆಂದು ಅಳೆಯುವುದು, ಕೊನೆಗೆ ಇವನ್ನೆಲ್ಲ ಕೂಡಿಸಿ ಗಂಡಾಂತರವನ್ನು ನಿರೂಪಿಸುವುದು. ಇವುಗಳಲ್ಲಿ ಮೊದಲ ಎರಡು ಪ್ರಯೋಗಾಲಯದ ಕೆಲಸಗಳು. ಮೂರನೆಯದು ಊರಿನ ಕೆಲಸ. ಹೊಲ, ಮನೆ, ಬಾವಿ, ಜಾತ್ರೆಗಳಲ್ಲಿ ಜನ ಏನು ಮಾಡುತ್ತಾರೆ ಮತ್ತು ಅದಕ್ಕೆ ಏನೆಂದು ಕರೆಯುತ್ತಾರೆ ಎಂಬುದನ್ನು ತಿಳಿಯದೆ ಅದನ್ನು ಮಾಡಲಾಗದು.

ಕಾನೂನಿನ ಕಣ್ಣಿಗೆ ಬೀಳುವುದು, ಬೀಳದಿರುವುದು

ಪರಿಸರ ಸಂರಕ್ಷಣಾ ಅಧಿನಿಯಮದ (1986) ಅಡಿಯಲ್ಲಿ 1994ರ ಜನವರಿಯಲ್ಲಿ ಮೊದಲ ಬಾರಿಗೆ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಹೊರಬಿತ್ತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯು ಅದರ ಸ್ಥಾನಕ್ಕೆ ಬಂದಿತು. ಈ ಕಾನೂನು ‘ಕಾಮಗಾರಿ’ಯನ್ನು ನೋಡುತ್ತದೆ. ದಿನಕ್ಕೆ 5,000 ಟನ್ ಅಥವಾ ಹೆಚ್ಚು ಕಬ್ಬು ನುರಿಸುವ ಸಕ್ಕರೆ ಕಾರ್ಖಾನೆ ಅದರ ಪಟ್ಟಿಯಲ್ಲಿದೆ; ಆ ಕಾರ್ಖಾನೆಯನ್ನು ನಂಬಿ ಬೆಳೆಯುವ ಸಾವಿರಾರು ಎಕರೆ ಕಬ್ಬು ಪಟ್ಟಿಯಲ್ಲಿಲ್ಲ. ರೈಲುಮಾರ್ಗಗಳು ಪಟ್ಟಿಯ ಹೊರಗಿರುವುದರಿಂದ ಕಿತ್ತೂರಿನ ಮೂಲಕ ಧಾರವಾಡ ಮತ್ತು ಬೆಳಗಾವಿಗಳನ್ನು ಜೋಡಿಸಲು ಉದ್ದೇಶಿಸಿದ ಮಾರ್ಗಕ್ಕೂ ಆ ಅಧಿಸೂಚನೆಯ ಅನುಮತಿ ಬೇಕಾಗುವುದಿಲ್ಲ. ಸವದತ್ತಿಯ ಬಳಿಯ ನವಿಲುತೀರ್ಥ ಅಣೆಕಟ್ಟಂತೂ ಇಂಥ ಯಾವ ಕಾನೂನೂ ಹುಟ್ಟುವ ಮೊದಲೇ, 1970ರ ದಶಕದ ಆರಂಭಕ್ಕೆ, ಎದ್ದುನಿಂತಿತ್ತು.

ನಾಲ್ಕು ತಾಲೂಕುಗಳ ಬದುಕನ್ನು ತಟ್ಟುವ ಗಂಡಾಂತರಗಳಲ್ಲಿ ಹೆಚ್ಚಿನವು ಹೀಗೆ ಯಾವ ಒಂದು ಕಾಮಗಾರಿಯ ಹೆಸರಿನಲ್ಲೂ ಬರುವುದಿಲ್ಲ. ಸಾವಿರಾರು ಹೊಲಗಳ ಸಿಂಪರಣೆಯಿಂದ, ಕಾಲುವೆಯ ಬಸಿನೀರಿನಿಂದ, ನದಿಯ ಪಾತ್ರದ ಒತ್ತುವರಿಯಿಂದ, ಹುಣ್ಣಿಮೆಯ ಜನಸಂದಣಿಯಿಂದ ಅವು ಬರುತ್ತವೆ. ಆದ್ದರಿಂದ ಗಂಡಾಂತರದ ಅಂದಾಜು ಕಾಮಗಾರಿಯ ಅನುಮತಿಪತ್ರಕ್ಕೆ ಅಂಟಿಕೊಂಡಿರುವವರೆಗೆ ಈ ಸೀಮೆಗೆ ಅದರಿಂದ ಪ್ರಯೋಜನ ಅಲ್ಪ. ಅದು ತಾಲೂಕಿನ ಮತ್ತು ಜಿಲ್ಲೆಯ ಅಭಿವೃದ್ಧಿ ಯೋಜನೆಯ ಒಳಗೇ ಸೇರಬೇಕು.

‘ಎಣ್ಣಿ’ ಎಂಬ ಹೆಸರು

ಬೈಲಹೊಂಗಲ ಮತ್ತು ಸವದತ್ತಿಯ ಎರೆಹೊಲಗಳು ಹಿಂದಿನಿಂದಲೂ ಹತ್ತಿಗೆ ಹೆಸರಾದವು. ಧಾರವಾಡದ ಸಂಶೋಧನೆಯಿಂದ ಬಂದ ‘ಜಯಧರ’ ದೇಶಿ ಹತ್ತಿಯ ಕಾಲದಲ್ಲಿ ಕೀಟನಾಶಕದ ಮಾತು ಹೆಚ್ಚು ಇರಲಿಲ್ಲ. 1980ರ ದಶಕದಲ್ಲಿ ‘ಡಿಸಿಎಚ್-32’, ಅಂದರೆ ರೈತರ ‘ಜಯಲಕ್ಷ್ಮಿ’ಯಂಥ ಸಂಕರ ತಳಿಗಳು ಹರಡಿದಂತೆ ಕಾಯಿಕೊರಕದ ಬಾಧೆಯೂ ಅದನ್ನು ಕೊಲ್ಲುವ ರಾಸಾಯನಿಕಗಳೂ ಜೊತೆಜೊತೆಗೇ ಬೆಳೆದವು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಕಾಯಿಕೊರಕಕ್ಕೆ ಹೊಡೆಯುವುದು ಆರಂಭದಲ್ಲಿ ತಗ್ಗಿದರೂ ರಸ ಹೀರುವ ಕೀಟಗಳಿಗೆ ಹೊಡೆಯುವುದು ನಿಲ್ಲಲಿಲ್ಲ. ಮುಂದೆ ಗುಲಾಬಿ ಕಾಯಿಕೊರಕವೂ ಬಿಟಿಯನ್ನು ತಾಳಿಕೊಂಡು ಮರಳಿ ಬಂದಿತು.

ಇಲ್ಲಿ ಭಾಷೆಯ ಅಂಶವೊಂದು ವಿಶೇಷ ಗಮನಕ್ಕೆ ಅರ್ಹವಾಗಿದೆ. ಉತ್ತರ ಕರ್ನಾಟಕದ ರೈತರ ಆಡುಮಾತಿನಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಎಂದು ಹೆಸರು. ‘ಎಣ್ಣಿ ಹೊಡಿಯಾಕ ಹೋಗ್ಯಾನ’ ಎಂದರೆ ಸಿಂಪರಣೆಗೆ ಹೋಗಿದ್ದಾನೆಂದು ಅರ್ಥ. ‘ಎಣ್ಣಿ ಕುಡದಾನ’ ಎಂದರೆ ವಿಷ ಸೇವಿಸಿದ್ದಾನೆಂದು ಅರ್ಥ. ಇನ್ನೊಂದು ಹೆಸರು ‘ಔಷಧಿ’. ತಿಪ್ಪೆಗೊಬ್ಬರಕ್ಕೆ ಎದುರಾಗಿ ರಾಸಾಯನಿಕ ಗೊಬ್ಬರವನ್ನು ‘ಸರಕಾರಿ ಗೊಬ್ಬರ’ ಎನ್ನುವ ರೂಢಿಯೂ ಇದೆ. ತಲೆಗೆ ಹಚ್ಚುವ, ಒಗ್ಗರಣೆಗೆ ಹಾಕುವ, ದೀಪಕ್ಕೆ ಎರೆಯುವ ಎಣ್ಣೆಯ ಹೆಸರು ವಿಷದ್ರವಕ್ಕೆ ಬಂದಿರುವುದು ಅಜ್ಞಾನದಿಂದ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಜಿಡ್ಡಾಗಿ ನೀರಿನಲ್ಲಿ ಹಾಲಿನಂತೆ ಕಲೆಯುವ ಆ ದ್ರವದ ರೂಪವನ್ನು ಜನ ಸರಿಯಾಗಿಯೇ ಕಂಡಿದ್ದಾರೆ. ಅದರ ಗುಣವನ್ನು ಹೇಳುವ ಪದವನ್ನು ಅವರಿಗೆ ಯಾರೂ ಕೊಡಲಿಲ್ಲ. ಕೀಟನಾಶಕಗಳ ಅಧಿನಿಯಮ (1968) ಮತ್ತು ಅದರ ನಿಯಮಗಳು (1971) ಲೇಬಲ್ಲು ಹಾಗೂ ಕರಪತ್ರಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ವಿಧಿಸುತ್ತವೆ. ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳ ಗುರುತನ್ನೂ ಗೊತ್ತುಪಡಿಸಿವೆ. ಮಡಿಕೆಗಳಲ್ಲಿ ಅಡಗಿದ ಆ ಕಿರಿಯಕ್ಷರದ ಕನ್ನಡವು ಅಕ್ಷರಶಃ ಅನುವಾದದ ಕನ್ನಡ. ಅದರಲ್ಲಿ ‘ಎಣ್ಣಿ’ ಎಂಬ ಪದಕ್ಕೆ ಪ್ರವೇಶವಿಲ್ಲ. ಹಸಿರು ಗುರುತನ್ನು ‘ನಿರಪಾಯ’ವೆಂದು ಓದಿಕೊಳ್ಳುವ ಸಾಧ್ಯತೆಯೂ ಇದೆ. ಅದರ ನಿಜವಾದ ಅರ್ಥ ‘ಉಳಿದವುಗಳಿಗಿಂತ ಕಡಿಮೆ ವಿಷ’ ಎಂಬುದಷ್ಟೇ.

ಕನ್ನಡ ನೆಲದ ಇನ್ನೊಂದು ತುದಿಯ ಅನುಭವವನ್ನು ಇದರೊಂದಿಗೆ ಹೋಲಿಸಬಹುದು. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆಯಂಥ ಕನ್ನಡ ಊರುಗಳಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ಮೊದಲು ಗುರುತಿಸಿ ದಾಖಲಿಸಿದವರು ಅಲ್ಲಿಯೇ ವೈದ್ಯವೃತ್ತಿಯಲ್ಲಿದ್ದ ಡಾ. ವೈ. ಎಸ್. ಮೋಹನಕುಮಾರ್ ಮತ್ತು ಕೃಷಿ ಪತ್ರಕರ್ತ ಶ್ರೀಪಡ್ರೆಯವರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ರಾಸಾಯನಿಕದ ತಯಾರಿಕೆ ಮತ್ತು ಮಾರಾಟಗಳಿಗೆ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಅಲ್ಲಿ ಹೊಡೆದವರು ಯಾರೆಂಬುದು ಆಕಾಶದಲ್ಲಿಯೇ ಕಾಣುತ್ತಿತ್ತು. ಅದೇ ಎಂಡೋಸಲ್ಫಾನ್ ಹತ್ತಿಗೂ ವ್ಯಾಪಕವಾಗಿ ಬಳಕೆಯಾದ ವಸ್ತು. ಆದರೆ ಹತ್ತಿಯ ಸೀಮೆಯಲ್ಲಿ ಹೊಡೆಯುವವನೂ ಅದಕ್ಕೆ ಒಡ್ಡಿಕೊಳ್ಳುವವನೂ ಒಬ್ಬನೇ: ಬೆನ್ನಿಗೆ ಪಂಪು ಕಟ್ಟಿಕೊಂಡ ರೈತ ಅಥವಾ ಅವನ ಕೂಲಿಯಾಳು. ಇಲ್ಲಿ ದಾವೆ ಹೂಡಲು ಪ್ರತಿವಾದಿಯೇ ಇಲ್ಲ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರ ಹಂಗಾಮಿನಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ 20ರಷ್ಟು ಜನ ವಿಷಬಾಧೆಯಿಂದ ಸತ್ತು ನೂರಾರು ಜನ ಆಸ್ಪತ್ರೆ ಸೇರಿದಾಗ ಮಾತ್ರ ಆ ಗಂಡಾಂತರವು ದೇಶದ ಗಮನಕ್ಕೆ ಬಂದಿತು. ಆಳೆತ್ತರ ಬೆಳೆದ ಗಿಡ, ಹಲವು ವಿಷಗಳ ಮಿಶ್ರಣ, ಸೆಕೆ, ಮೈಮುಚ್ಚುವ ಉಡುಪಿನ ಅಭಾವ ಇವೆಲ್ಲ ಅಲ್ಲಿ ಕೂಡಿದ್ದವು. ಇವುಗಳಲ್ಲಿ ಬೈಲಹೊಂಗಲದ ಹೊಲಕ್ಕೆ ಅಪರಿಚಿತವಾದುದು ಒಂದೂ ಇಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆಗೆ ಸೇವಿಸಿದ ವಿಷ ಸುಲಭವಾಗಿ ಬರುತ್ತದೆ, ಏಕೆಂದರೆ ಅದು ಪೊಲೀಸರ ಪ್ರಕರಣವೂ ಆಗಿರುತ್ತದೆ. ಹೊಡೆದ ದಿನ ಸಂಜೆ ತಲೆಸುತ್ತಿ, ವಾಂತಿಯಾಗಿ, ಕಣ್ಣು ಮಂಜಾಗಿ ಮಲಗಿದವನು ಮಜ್ಜಿಗೆ ಕುಡಿದು ಮರುದಿನ ಎದ್ದರೆ ಅವನ ಸುದ್ದಿ ಯಾವ ವಹಿಯಲ್ಲೂ ಇರುವುದಿಲ್ಲ. ಒಡ್ಡಿಕೆಯ ಅಳತೆ ಆರಂಭವಾಗಬೇಕಾದುದು ಇವನಿಂದಲೇ. ಪ್ರಶ್ನಾವಳಿಯಲ್ಲಿ ‘ಕೀಟನಾಶಕದ ದುಷ್ಪರಿಣಾಮ ಅನುಭವಿಸಿದ್ದೀರಾ’ ಎಂದು ಕೇಳಿದರೆ ‘ಇಲ್ಲ’ವೆನ್ನುವವನು, ‘ಎಣ್ಣಿ ಹೊಡದ ದಿನಾ ಮೈಯಾಗ ಹೆಂಗಿರತೈತಿ’ ಎಂದು ಕೇಳಿದರೆ ಬೇರೆಯದೇ ಉತ್ತರ ಕೊಡುವ ಸಂಭವವಿದೆ.

ನೀರು: ಬಂದದ್ದು, ನಿಂತದ್ದು, ನುಗ್ಗಿದ್ದು

ನವಿಲುತೀರ್ಥದ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಹುಬ್ಬಳ್ಳಿ ಧಾರವಾಡಗಳಿಗೆ ಕುಡಿಯುವ ನೀರೂ ಇಲ್ಲಿಂದಲೇ ಹೋಗುತ್ತದೆ. ಕಾಲುವೆಗಳ ಯೋಜನೆಯು ಜೋಳ, ಹತ್ತಿಯಂಥ ಹಗುರು ನೀರಾವರಿಯ ಬೆಳೆಗಳನ್ನು ಲೆಕ್ಕಕ್ಕೆ ಹಿಡಿದಿತ್ತು. ನೀರು ಕಂಡ ರೈತನ ಒಲವು ಹೆಚ್ಚು ಹಣ ತರುವ ಬೆಳೆಯ ಕಡೆಗೆ ಹೋದದ್ದು ಸಹಜವೇ. ಎರೆಮಣ್ಣು ನೀರುಂಡರೆ ಉಬ್ಬಿ ಬಿಗಿಯುತ್ತದೆ, ಬೇಗ ಬಸಿಯಗೊಡುವುದಿಲ್ಲ. ಅಂತರ್ಜಲ ಮೇಲೇರಿ, ಮಣ್ಣಿನೊಳಗಿನ ಲವಣವನ್ನು ಹೊತ್ತು ತಂದು, ತಾನು ಆವಿಯಾಗಿ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಇದಕ್ಕೆ ಕನ್ನಡದಲ್ಲಿ ‘ಸವಳು’, ‘ಜವಳು’ ಎಂಬ ಎರಡು ಖಚಿತ ಪದಗಳಿವೆ. ಉಪ್ಪುಗಟ್ಟಿದ್ದು ಸವಳು, ನೀರುಗಟ್ಟಿದ್ದು ಜವಳು. ಮಣ್ಣುಶಾಸ್ತ್ರದ ದಪ್ಪ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಭೇದ ಇಲ್ಲಿ ಒಂದು ವ್ಯಂಜನದಲ್ಲಿ ನಿಂತಿದೆ.

1980ರ ಜುಲೈನಲ್ಲಿ ನರಗುಂದ ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯವನ್ನು ಕನ್ನಡ ಸಾಹಿತ್ಯವು ಬಂಡಾಯದ ಕಾಲಘಟ್ಟದ ಸಂಕೇತವಾಗಿ ಕಂಡಿದೆ. ಅದರ ಬೇರಿನಲ್ಲಿದ್ದುದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ. ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಸರಕಾರ ಕರ ಕೇಳಿತು. ನೀರು ಸರಿಯಾಗಿ ಬಾರದ ಮತ್ತು ನೀರಿನಿಂದಲೇ ಕೆಟ್ಟ ಹೊಲಗಳ ಮಾತೇನೆಂದು ರೈತರು ಕೇಳಿದರು. ಗಂಡಾಂತರದ ಅಂದಾಜಿನ ದೃಷ್ಟಿಯಿಂದ ನೋಡಿದರೆ ಅದು ಕರದ ಜಗಳ ಮಾತ್ರವಾಗಿರಲಿಲ್ಲ. ಯೋಜನೆಯ ಲೆಕ್ಕಪುಸ್ತಕದಲ್ಲಿ ಲಾಭದ ಕಲಮಿತ್ತು, ಹಾನಿಯ ಕಲಮಿರಲಿಲ್ಲ. ನಿಂತ ನೀರಿನೊಂದಿಗೆ ಬರುವ ಸೊಳ್ಳೆ, ಕೆಟ್ಟ ಬಾವಿ, ದುಡಿಮೆ ತಪ್ಪಿದ ಕೂಲಿಯ ಗುಳೆ ಇವೂ ಆ ಇಲ್ಲದ ಕಲಮಿನಲ್ಲಿಯೇ ಸೇರಬೇಕಾಗಿದ್ದವು.

ಅಣೆಕಟ್ಟಿನ ಕೆಳಗಿನ ಕಥೆ ಬೇರೆ. ಜಲಾಶಯ ತುಂಬದ ವರ್ಷಗಳು ಬಹಳವಾಗಿದ್ದುದರಿಂದ ಮುನವಳ್ಳಿಯಿಂದ ಕೆಳಗೆ ಹೊಳೆ ಬಹುಕಾಲ ಬತ್ತಿಯೇ ಇರುತ್ತಿತ್ತು. ನೀರು ಕಾಣದ ಪಾತ್ರದ ಅಂಚುಗಳು ಹೊಲಗಳಾದವು, ಜಾಲಿ ಬೆಳೆಯಿತು, ಮನೆಗಳು ಕೆಳಗಿಳಿದವು. ಬರದ ಹೆದರಿಕೆ ಪ್ರತಿವರ್ಷದ್ದು, ಹೊಳೆಯ ಹೆದರಿಕೆ ಅಜ್ಜಂದಿರ ಕಾಲದ್ದು ಎಂಬ ನಂಬಿಕೆ ಬಲಿಯಿತು. 2019ರ ಆಗಸ್ಟ್‌ನಲ್ಲಿ ಪಶ್ಚಿಮದ ಭಾರಿ ಮಳೆಗೆ ಜಲಾಶಯ ತುಂಬಿ, ನೀರು ಬಿಟ್ಟಾಗ ಮುನವಳ್ಳಿಯೂ ರಾಮದುರ್ಗವೂ ಮುಳುಗಿದವು. ನೇಕಾರರ ಮನೆಗಳಲ್ಲಿ ಮಗ್ಗ ಇರುವುದು ನೆಲದ ಮಟ್ಟದಲ್ಲಿ; ಕುಣಿಮಗ್ಗವಾದರೆ ನೆಲದ ಕೆಳಗೆ. ನೂಲು, ಹಾಸು, ಯಂತ್ರ ಒಟ್ಟಿಗೇ ಕೆಸರಾದವು. ನಾಲ್ಕು ವರ್ಷಗಳ ತರುವಾಯ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಒಂದೇ ಊರು ಒಂದೇ ದಶಕದಲ್ಲಿ ಮುಳುಗುವ ಮತ್ತು ಒಣಗುವ ಎರಡೂ ಗಂಡಾಂತರಗಳಿಗೆ ಸಿದ್ಧವಾಗಬೇಕಾದ ಈ ಸ್ಥಿತಿಯನ್ನು ಬರಕ್ಕೊಂದು, ನೆರೆಗೊಂದು ಎಂದು ಬೇರೆಬೇರೆ ಕಡತಗಳಲ್ಲಿಟ್ಟು ನಿಭಾಯಿಸಲಾಗದು.

ಎಲ್ಲಮ್ಮನ ಗುಡ್ಡದ ಸಂಗತಿಯನ್ನು ಚಿಕ್ಕದಾಗಿ ಹೇಳಿದರೆ ಸಾಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಕರ್ನಾಟಕ, ಮಹಾರಾಷ್ಟ್ರ, ಗೋವೆಗಳಿಂದ ಲಕ್ಷಾಂತರ ಜನ ಸೇರುತ್ತಾರೆ. ಸ್ನಾನ, ಅಡುಗೆ, ವಸತಿ ಎಲ್ಲವೂ ಬಯಲಿನಲ್ಲಿ. ಕೆಳಗೆ ಇರುವುದು ಕುಡಿಯುವ ನೀರಿನ ಜಲಾಶಯ. 2024ರಲ್ಲಿ ಈ ಕ್ಷೇತ್ರವು ಕೇಂದ್ರ ಸರಕಾರದ ಪ್ರವಾಸೋದ್ಯಮ ನೆರವಿಗೆ ಆಯ್ಕೆಯಾಗಿ ಸುಮಾರು 100 ಕೋಟಿ ರೂಪಾಯಿಗಳ ಕಾಮಗಾರಿಗೆ ದಾರಿಯಾಯಿತು. ವಸತಿಗೃಹ ಎಷ್ಟು ಎಂಬುದರ ಜೊತೆಗೆ ಹುಣ್ಣಿಮೆಯ ಮರುದಿನದ ಮಲಿನ ಎಲ್ಲಿಗೆ ಹರಿಯುತ್ತದೆ ಎಂಬುದೂ ಅಂಥ ಯೋಜನೆಯ ಮೊದಲ ಪುಟದಲ್ಲಿರಬೇಕು.

ಯೋಜನೆಯ ಒಳಗೆ

ಸಂವಿಧಾನದ 74ನೆಯ ತಿದ್ದುಪಡಿಯಿಂದ (1992) ಬಂದ 243-ಝಡ್‌ಡಿ ವಿಧಿಯು ಜಿಲ್ಲಾ ಯೋಜನಾ ಸಮಿತಿಗೆ ಸ್ಪಷ್ಟ ಹೊಣೆಯೊಂದನ್ನು ಹೊರಿಸಿದೆ. ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆಯನ್ನೂ ಪರಿಸರ ಸಂರಕ್ಷಣೆಯನ್ನೂ ಗಮನದಲ್ಲಿಟ್ಟು ಕರಡು ಯೋಜನೆ ರೂಪಿಸಬೇಕೆಂಬುದು ಆ ಹೊಣೆ. ಹೊಸ ಕಾನೂನು ಬೇಕಾಗಿಯೇ ಇಲ್ಲ. ಆದರೆ ರಾಜ್ಯದಲ್ಲಿ ತಾಲೂಕನ್ನು ಅಳೆಯುವ ಅಳತೆಗೋಲು ಬಹುಮಟ್ಟಿಗೆ 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿಯದು. ಪ್ರಾದೇಶಿಕ ಅಸಮಾನತೆಯನ್ನು ಮೊದಲ ಬಾರಿಗೆ ತಾಲೂಕು ಮಟ್ಟಕ್ಕಿಳಿದು ಲೆಕ್ಕಹಾಕಿದ ಆ ವರದಿಯ ಮಹತ್ವ ನಿರ್ವಿವಾದ. ಅದರ ಸೂಚಕಗಳು ಕೃಷಿ, ಕೈಗಾರಿಕೆ, ಆರ್ಥಿಕ ಹಾಗೂ ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಇವುಗಳ ಸುತ್ತ ಇವೆ. ನೀರಾವರಿ ಕ್ಷೇತ್ರ ಹೆಚ್ಚಿದರೆ ತಾಲೂಕು ಮುಂದುವರಿದಂತೆ. ಅದರಲ್ಲಿ ಎಷ್ಟು ಸವಳಾಯಿತೆಂಬುದು ಅಂಕಕ್ಕೆ ಬಾಧಕವಲ್ಲ. ಗೊಬ್ಬರ, ಔಷಧಿಗಳ ಬಳಕೆಯನ್ನು ಪ್ರಗತಿಯ ಗುರುತಾಗಿ ಕಂಡ ಕಾಲದ ನೆರಳು ಅಭಿವೃದ್ಧಿಯ ಚರ್ಚೆಯಲ್ಲಿ ಇನ್ನೂ ಉಳಿದಿದೆ. ಮುಂದಿನ ಪೀಳಿಗೆಯ ಅಗತ್ಯಗಳಿಗೆ ಧಕ್ಕೆಯಾಗದಂತೆ ಇಂದಿನವರ ಅಗತ್ಯ ಪೂರೈಸುವುದೇ ಸುಸ್ಥಿರ ಅಭಿವೃದ್ಧಿಯೆಂದು 1987ರ ಬ್ರಂಟ್‌ಲ್ಯಾಂಡ್ ಆಯೋಗ ಹೇಳಿದ ಮಾತನ್ನು ಒಪ್ಪುವುದಾದರೆ, ಕೂಡುವ ಲೆಕ್ಕದ ಪಕ್ಕದಲ್ಲಿ ಕಳೆಯುವ ಲೆಕ್ಕವೂ ಇರಲೇಬೇಕು.

ಗ್ರಾಮಮಟ್ಟದಲ್ಲಿ ಎರಡು ವೇದಿಕೆಗಳು ಈಗಾಗಲೇ ಇವೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ಯಡಿ ಪಂಚಾಯತಿಯು ವಾರ್ಷಿಕ ಯೋಜನೆ ಮಾಡುತ್ತದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯು ರೋಗದ ಸುದ್ದಿ ಇಟ್ಟುಕೊಳ್ಳುತ್ತದೆ. ಎಣ್ಣಿ ಹೊಡೆಯುವ ಹಂಗಾಮಿನ ತಲೆಸುತ್ತು ಒಂದರ ಕಣ್ಣಿಗೆ ಬಿದ್ದರೆ ಬಸಿಗಾಲುವೆಯ ಹೂಳು ಇನ್ನೊಂದರ ಕಣ್ಣಿಗೆ ಬೀಳುತ್ತದೆ. ಎರಡನ್ನೂ ಒಂದೇ ಪುಟದಲ್ಲಿ, ಪಂಚಾಂಗದ ಕ್ರಮದಲ್ಲಿ, ಅಂದರೆ ಮುಂಗಾರಿ, ಹಿಂಗಾರಿ, ಬೇಸಗೆಯ ತಿಂಗಳುಗಳ ಎದುರಿಗೆ ಬರೆದಿಟ್ಟರೆ ಊರಿನ ಗಂಡಾಂತರದ ಮೊದಲ ನಕ್ಷೆ ಸಿದ್ಧವಾಗುತ್ತದೆ. ಇಂಥ ನಾಲ್ಕು ತಾಲೂಕುಗಳ ಪುಟಗಳನ್ನು ನದಿಯ ಹರಿವಿನ ಕ್ರಮದಲ್ಲಿ ಜೋಡಿಸಿದರೆ ಮೇಲಿನವರ ನಿರ್ಧಾರ ಕೆಳಗಿನವರಿಗೆ ಏನಾಗುತ್ತದೆಂಬುದು ಕಾಣತೊಡಗುತ್ತದೆ. ಪ್ರಯೋಗಾಲಯದ ಅಳತೆಗೆ ಇದು ಪರ್ಯಾಯವಲ್ಲ. ಎಲ್ಲಿ ಅಳೆಯಬೇಕೆಂಬುದನ್ನು ಹೇಳುವ ಕೆಲಸ ಮಾತ್ರ ಇದರದು.

ಭಾಷೆಯ ಹಕ್ಕನ್ನು ನ್ಯಾಯಾಲಯಗಳೂ ಪರಿಗಣಿಸಿವೆ. 2006ರ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲಿಗೆ ಮೊದಲು ವರದಿಯ ಸಾರಾಂಶವನ್ನು ರಾಜ್ಯಭಾಷೆಯಲ್ಲಿ ಕೊಡಬೇಕೆಂದಿದೆ. ಸಾರಾಂಶ ಮಾತ್ರ, ಪೂರ್ಣ ವರದಿಯಲ್ಲ. 2020ರ ಕರಡು ಅಧಿಸೂಚನೆ ಬಂದಾಗ ಅದನ್ನು ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸುವಂತೆ ದೆಹಲಿ ಉಚ್ಚ ನ್ಯಾಯಾಲಯ ಜೂನ್‌ನಲ್ಲಿ ಸೂಚಿಸಿತು. ಪ್ರಾದೇಶಿಕ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂಬ ಅಹವಾಲಿನ ಹಿನ್ನೆಲೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆಗಸ್ಟ್‌ನಲ್ಲಿ ಅದರ ಅಂತಿಮ ಪ್ರಕಟಣೆಗೆ ಮಧ್ಯಂತರ ತಡೆಯಿತ್ತಿತು. ಆದರೆ ಅನುವಾದವಾದ ಮಾತ್ರಕ್ಕೆ ಕನ್ನಡವಾಗುವುದಿಲ್ಲ. ಸವಳು, ಜವಳು, ಮಸಾರಿ, ಮಡ್ಡಿ, ಬಸಿಗಾಲುವೆ, ಎಣ್ಣಿ, ಹೊಳೆಸಾಲು ಎಂಬ ಪದಗಳನ್ನು ವಿಜ್ಞಾನದ ಪರಿಭಾಷೆಯೊಂದಿಗೆ ಎದುರುಬದುರಾಗಿ ಇಡುವ ವೃತ್ತಿಪದಕೋಶವೊಂದು ಈ ಸೀಮೆಯ ಕನ್ನಡ ವಿಭಾಗಗಳಿಂದಲೇ ಹೊರಡಬೇಕಾದದ್ದು.

ಅದರ ಅಗತ್ಯ ಎಷ್ಟು ತುರ್ತಿನದೆಂಬುದಕ್ಕೆ ಅಣೆಕಟ್ಟಿನಿಂದ ಹೊರಡುವ ಎಚ್ಚರಿಕೆಯೇ ಸಾಕ್ಷಿ. ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗುತ್ತಿದೆ, ನದಿತೀರದವರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು ಎಂಬುದು ಅದರ ರೂಢಿಯ ವಾಕ್ಯ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಎಂದು ಬಲ್ಲ ಅಧ್ಯಾಪಕನಿಗೂ ಐವತ್ತು ಸಾವಿರ ಕ್ಯೂಸೆಕ್ ತನ್ನ ಓಣಿಗೆ ಬರುತ್ತದೆಯೋ ಇಲ್ಲವೋ ತಿಳಿಯದು. ನದಿಯಲ್ಲಿ ನೆರೆ ಏರಿದಾಗ ಈ ಸೀಮೆಯ ಜನ ಹೇಳುವುದು ‘ಹೊಳಿ ಬಂತು’ ಎಂದು. ಎಲ್ಲಿಯವರೆಗೆ ಬಂತು ಎಂಬುದಕ್ಕೆ ಗುಡಿಯ ಮೆಟ್ಟಿಲು, ಅಗಸಿಯ ಬಾಗಿಲು, ಹುಣಸೆಮರದ ಬುಡ ಇವು ಅವರ ಅಳತೆಗಳು. 2019ರ ನೀರು ನಿಂತ ಗೆರೆಗಳು ಹಲವು ಗೋಡೆಗಳ ಮೇಲೆ ಬಹುಕಾಲ ಕಾಣುತ್ತಿದ್ದವು. ಸುಣ್ಣ ಬಳಿದಂತೆ ಅವು ಅಳಿಯುತ್ತವೆ. ಯಾವ ಗೆರೆಗೆ ಎಷ್ಟು ಕ್ಯೂಸೆಕ್ ಎಂದು, ಅವು ಅಳಿಯುವ ಮೊದಲು, ಓಣಿ ಓಣಿಯ ಹೆಸರಿನೊಂದಿಗೆ ಬರೆದಿಟ್ಟುಕೊಂಡರೆ ಮುಂದಿನ ಎಚ್ಚರಿಕೆಯನ್ನು ಇಂಥ ಗುಡಿಯ ಮೂರನೆಯ ಮೆಟ್ಟಿಲಿಗೆ ಇಂದು ರಾತ್ರಿ ಹೊಳಿ ಬರುತ್ತದೆ ಎಂದು ಡಂಗುರ ಸಾರಬಹುದು.